ಆವರಣದೊಳಗಿನ ಹನ್ನೆರಡು ವಚನಗಳು

ಪ್ರಶ್ನೆ: ಅಕ್ಕ, ನಮ್ಮೂರು ಶ್ರೀನಿವಾಸಪುರದ ಕಡೆ, ಕೆಲಸ ಮಾಲೂರಿನ ಫ್ಯಾಕ್ಟರಿಯಲ್ಲಿ. ರೂಮಿನ ಗೆಳೆಯ ಒಂದು ವಿಡಿಯೊ ತೋರಿಸಿ, ‘ನಿಮ್ಮ ಬೈಬಲ್ಲನ್ನ ಬೇಕಾದಂಗೆ ತಿದ್ದವ್ರೆ’ ಅಂದ. ನಾನು ನಂಬಲಿಲ್ಲ. ಆಮೇಲೆ ಮೊಬೈಲಿನ ಬೈಬಲ್ ತೆಗೆದು ನೋಡಿದರೆ ಮಾರ್ಕನ ಕೊನೆಯ ಹನ್ನೆರಡು ವಚನ ಆವರಣದಲ್ಲಿವೆ. ಹಳೆಯ ಪ್ರತಿಗಳಲ್ಲಿ ಇವು ಇಲ್ಲವೆಂದು ಕೆಳಗೆ ಬರೆದಿದೆ. ಅಜ್ಜಿಯ ತೆಲುಗು ಬೈಬಲ್ಲಿನಲ್ಲಿ ಆವರಣವೇ ಇಲ್ಲ! ಭಾನುವಾರದ ಆರಾಧನೆಯಲ್ಲಿ ಪಾಠ ಓದುವವನು ನಾನೇ. ಈಗ ಎದ್ದು ನಿಲ್ಲಲು ಹಿಂಜರಿಕೆ. ಅಯ್ಯನವರನ್ನು ಕೇಳೋಣವೆಂದರೆ ತಪ್ಪು ತಿಳಿದಾರೆಂಬ ಭಯ.

ಉತ್ತರ: ತಮ್ಮಾ, ನೀನು ಕಂಡದ್ದು ನಿಜ. ಮಾರ್ಕ 16ರ 9ರಿಂದ 20ನೇ ವಚನಗಳು ನಾಲ್ಕನೇ ಶತಮಾನದ ಎರಡು ದೊಡ್ಡ ಗ್ರೀಕ್ ಪ್ರತಿಗಳಲ್ಲಿ ಇಲ್ಲ. ಆದರೆ ಅದನ್ನು ನಿನಗೆ ಹೇಳಿದ್ದು ಯಾರು? ಆ ವಿಡಿಯೊ ಅಲ್ಲ, ಬೈಬಲ್ ಅಚ್ಚು ಮಾಡಿದವರೇ. ಪಹಣಿಯಲ್ಲಿ ಹೆಸರು ಬದಲಾದರೆ ಮ್ಯುಟೇಶನ್ ನಂಬರ್ ಹಾಕುತ್ತಾರಲ್ಲ. ಕದ್ದು ತಿದ್ದುವವನು ನಂಬರ್ ಹಾಕಿಯಾನೆ?

ಅಜ್ಜಿಯ ಪುಸ್ತಕದಲ್ಲಿ ಆವರಣ ಇಲ್ಲದ್ದಕ್ಕೂ ಕಾರಣವಿದೆ. ನಮ್ಮ ಭಾಷೆಗಳ ಮೊದಲ ಅನುವಾದಗಳು ಬಹಳ ಹಿಂದಿನವು. ಕನ್ನಡದ್ದನ್ನೇ ತೆಗೆದುಕೋ: ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದದ್ದು 1830ರ ಆಸುಪಾಸಿನಲ್ಲಿ. ಆ ಎರಡು ಗ್ರೀಕ್ ಪ್ರತಿಗಳಲ್ಲಿ ಒಂದಾದ, ಸಿನಾಯ್ ಬೆಟ್ಟದ ಮಠದಲ್ಲಿದ್ದ ಪ್ರತಿ ಯುರೋಪಿನ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1844ರ ನಂತರ. ಅಲ್ಲಿಯವರೆಗೆ ಅನುವಾದಕರು ಬಳಸುತ್ತಿದ್ದ ಗ್ರೀಕ್ ಪಠ್ಯದಲ್ಲಿ ಈ ವಚನಗಳಿದ್ದವು, ಅನುವಾದದಲ್ಲೂ ಬಂದವು. ಇನ್ನೂ ಹಳೆಯದು ಸಿಕ್ಕಾಗ ಅದನ್ನು ಮುಚ್ಚಿಡದೆ ಟಿಪ್ಪಣಿ ಹಾಕಿದರು. ಅಷ್ಟೇ ಸಂಗತಿ.

ಹಳೆಯ ಪ್ರತಿಗಳು ಸಿಗುವುದಕ್ಕೆ ಇನ್ನೊಂದು ಮುಖವೂ ಇದೆ. 1947ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಯೆಶಾಯನ ಒಂದು ಸುರುಳಿ ಸಿಕ್ಕಿತು. ಅದುವರೆಗೆ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಕಾಗುಣಿತದ ವ್ಯತ್ಯಾಸಗಳಿವೆ, ಅಲ್ಲಲ್ಲಿ ಪದಗಳೂ ಬೇರೆ. ಆದರೂ ನಾವು ಓದುತ್ತಿರುವುದು ಅದೇ ಯೆಶಾಯನನ್ನು. ಸಾವಿರ ವರ್ಷ ಬರೀ ಕೈಬರಹದಲ್ಲಿ!

ಹಾಗೆಂದು ಪ್ರತಿಗಳು ಸರಿಯಾಗಿ ಉಳಿದು ಬಂದ ಮಾತ್ರಕ್ಕೆ ಯೇಸುವಿನ ಪುನರುತ್ಥಾನ ರುಜುವಾತಾಯಿತು ಎಂದು ಗೆಳೆಯನೆದುರು ವಾದಕ್ಕೆ ಇಳಿಯಬೇಡ. ಅದು ವಿಶ್ವಾಸದ ಮಾತು. ನನ್ನ ಮಟ್ಟಿಗೆ ಆ ವಿಶ್ವಾಸಕ್ಕೆ ಬಲ ಬರುವುದು ಈ ಪುಸ್ತಕ ತನ್ನವರ ಮಾನ ಕಾಯಲು ಹೋಗದಿರುವುದರಿಂದ. ಪೇತ್ರ ಮೂರು ಸಲ ಅಲ್ಲಗಳೆದದ್ದು, ಶಿಷ್ಯರು ಬಿಟ್ಟು ಓಡಿದ್ದು ಎಲ್ಲವೂ ಅಲ್ಲಿದೆ. ಹೆಂಗಸರ ಸಾಕ್ಷಿಗೆ ಅಷ್ಟಾಗಿ ಬೆಲೆಯಿಲ್ಲದ ಕಾಲದಲ್ಲಿ ಖಾಲಿ ಸಮಾಧಿಯ ಸುದ್ದಿಯನ್ನು ಹೆಂಗಸರ ಬಾಯಿಂದಲೇ ಹೇಳಿಸುತ್ತದೆ. ದೇವರ ಮೇಲಿನ ದೂರನ್ನೂ ತೆಗೆದುಹಾಕಿಲ್ಲ. ಎಂಬತ್ತೆಂಟನೆಯ ಕೀರ್ತನೆ ಸಮಾಧಾನವಿಲ್ಲದೆಯೇ ಮುಗಿಯುತ್ತದೆ. ಅಂಥ ಪುಸ್ತಕವನ್ನು ಓದಿ ಹೇಳುವವನಿಗೆ ಪ್ರಶ್ನೆಯೊಂದು ಹುಟ್ಟಿದರೆ ಅದು ವಿಶ್ವಾಸದ್ರೋಹ ಹೇಗಾದೀತು?

ಈ ವಾರ ರಜೆಯ ದಿನ ಮಾರ್ಕನನ್ನು ಒಂದೇ ಸಲಕ್ಕೆ ಕೂತು ಓದು, ಎರಡು ಗಂಟೆಯೂ ಬೇಡ. 16ರ 8ನೇ ವಚನಕ್ಕೆ ನಿಲ್ಲಿಸಿ ನೋಡು: ಸಮಾಧಿ ಖಾಲಿ, ಸುದ್ದಿ ಹೆಂಗಸರಿಗೆ ತಲುಪಿದೆ, ಅವರು ಹೆದರಿ ಓಡುತ್ತಿದ್ದಾರೆ. ಆವರಣದೊಳಗಿನ ಹನ್ನೆರಡನ್ನು ಬಿಟ್ಟರೂ ಸುವಾರ್ತೆ ಹೋಗುವುದಿಲ್ಲ. ಆಮೇಲೆ ಅಯ್ಯನವರನ್ನು ಆರಾಧನೆ ಮುಗಿದ ಗಡಿಬಿಡಿಯಲ್ಲಿ ಅಲ್ಲ, ವಾರದ ನಡುವೆ ಒಬ್ಬನೇ ಹೋಗಿ ಕಾಣು. ದೇವಜ್ಞಾನ ಓದಿದವರಿಗೆ ಇದು ಹೊಸ ಪ್ರಶ್ನೆಯಲ್ಲ. ಗದರಿದರೆ ಇನ್ನೊಬ್ಬ ಹಿರಿಯರನ್ನು ಕೇಳು. ಭಾನುವಾರದ ಪಾಠವನ್ನು ಮಾತ್ರ ಬೇರೆಯವರಿಗೆ ಬಿಟ್ಟುಕೊಡಬೇಡ.