ಕಣ್ಣಿಗೆ ಕೇಳುವ ಮನೆ

ಕೋಲಾರದ ಚಿನ್ನದ ಗಣಿ ಶಬ್ದದ ಊರಾಗಿತ್ತು. ಪಾಳಿಗೆ ಸೈರನ್ ಕೂಗುತ್ತಿತ್ತು. ನೆಲದ ಆಳದಲ್ಲಿ ಕಲ್ಲು ಕೊರೆಯುವ ಯಂತ್ರ ಗುಡುಗುತ್ತಿತ್ತು. ಸಿಡಿಮದ್ದು ಸಿಡಿಯುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಶಬ್ದವೂ ನಿಂತಿತು. ಆದರೆ ಇಂಥ ಶಬ್ದದಲ್ಲಿ ವರ್ಷಗಟ್ಟಲೆ ದುಡಿದರೆ ಕಿವಿ ಮಂದವಾಗುತ್ತದೆ. ಹಾಗೆ ಮಂದವಾದ ಕಿವಿ ಮತ್ತೆ ಮೊದಲಿನಂತೆ ಆಗುವುದಿಲ್ಲ.

ಕೋರಮಂಡಲ್ ಇರಲಿ, ಬಂಗಾರಪೇಟೆ ಇರಲಿ, ಕಿವಿ ಕೇಳದವರು ಎಲ್ಲ ಊರಲ್ಲೂ ಇದ್ದಾರೆ. ಕೆಲವರಿಗೆ ಹುಟ್ಟಿನಿಂದಲೇ ಕೇಳದು. ಕೆಲವರಿಗೆ ಕಾಯಿಲೆಯಿಂದ ಹೋಗುತ್ತದೆ. ಹಲವರಿಗೆ ವಯಸ್ಸಾದಂತೆ ಮಂದವಾಗುತ್ತದೆ. ಇವರನ್ನು ‘ಮೂಗಿ’, ‘ಕಿವುಡ’ ಎಂದು ಕೂಗುವುದು ತಪ್ಪು. ಇವರಿಗೆ ಔಷಧಿ, ಕಿವಿಯಂತ್ರ ಮಾತ್ರ ಸಾಕೇ? ಇವರು ಬದುಕುವ ಮನೆಯೂ ಇವರಿಗೆ ಒಗ್ಗಬೇಕಲ್ಲವೇ?

ಬೆಳಕೇ ಮಾತು

ಕಿವಿ ಕೇಳದವರು ಕಣ್ಣಿನಿಂದ ಕೇಳುತ್ತಾರೆ. ನಮ್ಮ ತುಟಿ ನೋಡುತ್ತಾರೆ. ಮುಖ ನೋಡುತ್ತಾರೆ. ಕೈಸನ್ನೆ ನೋಡುತ್ತಾರೆ. ಕತ್ತಲಾದರೆ ಇದೆಲ್ಲ ಕಾಣದು. ನಮಗೆ ಕರೆಂಟು ಹೋದರೆ ದೀಪ ಮಾತ್ರ ಹೋಗುತ್ತದೆ. ಅವರಿಗೆ ಮಾತೂ ಹೋಗುತ್ತದೆ. ಅದಕ್ಕೇ ಅವರ ಕೈಗೆ ಸಿಗುವ ಕಡೆ ಒಂದು ಟಾರ್ಚ್ ಇಡಬೇಕು.

ಕಿಟಕಿಗೆ ಬೆನ್ನು ಹಾಕಿ ನಿಂತು ಮಾತಾಡಬೇಡಿ. ಹಿಂದಿನಿಂದ ಬೆಳಕು ಬಂದರೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಗೋಡೆಗೆ ತಿಳಿ ಹಸಿರು, ತಿಳಿ ನೀಲಿ ಬಣ್ಣ ಒಳ್ಳೆಯದು. ಅದರ ಮುಂದೆ ಕೈ, ಮುಖ ಎದ್ದು ಕಾಣುತ್ತವೆ.

ಮೇಸ್ತ್ರಿಯ ಜೊತೆ ಮಾತು

ಒಬ್ಬ ತಾಯಿ ಮನೆ ರಿಪೇರಿ ಮಾಡಿಸಬೇಕು. ಮಗಳಿಗೆ ಕಿವಿ ಕೇಳದು. ತಾಯಿ ಕೂಲಿಗೆ ಹೋದರೆ ಮಗಳು ಒಬ್ಬಳೇ ಇರುತ್ತಾಳೆ.

“ಮೇಸ್ತ್ರಿ ಅಣ್ಣಾ, ಯಾರಾದರೂ ಬಾಗಿಲು ಬಡಿದರೆ ನನ್ನ ಮಗಳಿಗೆ ಗೊತ್ತಾಗಲ್ಲ. ಏನು ಮಾಡೋದು?”

“ಅದಕ್ಕೇನಮ್ಮ, ಬೆಲ್ಲಿನ ಸ್ವಿಚ್ಚಿಗೆ ಒಂದು ಬಲ್ಬು ಸೇರಿಸೋಣ. ಹೊರಗೆ ಒತ್ತಿದರೆ ಒಳಗೆ ಬಲ್ಬು ಹತ್ತುತ್ತೆ. ನಡುಮನೆಗೊಂದು, ಅಡುಗೆಮನೆಗೊಂದು. ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.”

“ಬಚ್ಚಲಲ್ಲಿ ಚಿಲಕ ಹಾಕ್ಕೊಂಡು ಜಾರಿ ಬಿದ್ದರೆ? ಎಷ್ಟು ಕೂಗಿದರೂ ಅವಳಿಗೆ ಕೇಳಲ್ಲ.”

“ಹೊರಗಿನಿಂದಲೂ ತೆಗೆಯೋ ಚಿಲಕ ಹಾಕ್ತೀನಿ.”

“ಒಲೆ ಮುಂದೆ ನಿಂತರೆ ಬಾಗಿಲಿಗೆ ಬೆನ್ನು ಹಾಕಿದ ಹಾಗಾಗುತ್ತೆ. ಹಿಂದಿನಿಂದ ಮುಟ್ಟಿದರೆ ಬೆಚ್ಚಿ ಬೀಳ್ತಾಳೆ. ಕೈಯಲ್ಲಿ ಬಿಸಿ ಪಾತ್ರೆ ಇದ್ದರೆ ಗತಿ ಏನು?”

“ಒಲೆಕಟ್ಟೆ ತಿರುಗಿಸೋಣ. ಬರೋರು ಕಾಣಲಿ. ಆಗದಿದ್ದರೆ ಎದುರು ಗೋಡೆಗೆ ಒಂದು ಕನ್ನಡಿ ಸಾಕು.”

ಈ ಬದಲಾವಣೆಗಳಿಗೆ ಹೊಸ ಮನೆಯೇ ಕಟ್ಟಬೇಕಿಲ್ಲ. ದೊಡ್ಡ ಖರ್ಚೂ ಇಲ್ಲ. ಮೊದಲೇ ಯೋಚಿಸಬೇಕು, ಅಷ್ಟೆ.

ಕಿವಿಯಂತ್ರ ಹಾಕುವವರಿಗೆ ಇನ್ನೊಂದು ತೊಂದರೆ. ಬರಿ ಗೋಡೆ, ತಗಡಿನ ಮಾಡು ಇದ್ದರೆ ಶಬ್ದ ಗುಂಯ್ ಎನ್ನುತ್ತದೆ. ಯಂತ್ರ ಆ ಸದ್ದನ್ನೂ ದೊಡ್ಡದು ಮಾಡುತ್ತದೆ. ಮಾತು ಕಲಸಿಹೋಗುತ್ತದೆ. ಬಟ್ಟೆಯ ಪರದೆ, ಚಾಪೆ, ಜಮಖಾನ ಹಾಕಿದರೆ ಸದ್ದು ತಗ್ಗುತ್ತದೆ.

ದೂರದ ಒಂದು ಕಾಲೇಜು

ಅಮೆರಿಕದ ವಾಷಿಂಗ್ಟನ್‌ನಲ್ಲಿ ಗ್ಯಾಲಡೆಟ್ ವಿಶ್ವವಿದ್ಯಾಲಯ ಇದೆ. 1864ರಿಂದ ಕಿವಿ ಕೇಳದವರು ಅಲ್ಲಿ ಕಾಲೇಜು ಓದುತ್ತಿದ್ದಾರೆ. ಅವರಿಗೆ ಎಂಥ ಕಟ್ಟಡ ಬೇಕು? 2005ರಲ್ಲಿ ಹ್ಯಾನ್ಸಲ್ ಬೌಮನ್ ಎಂಬ ವಾಸ್ತುಶಿಲ್ಪಿ ಅವರನ್ನೇ ಕೇಳಿ ತಿಳಿಯುವ ಕೆಲಸ ಶುರುಮಾಡಿದರು.

ಕೈಸನ್ನೆಯಲ್ಲಿ ಮಾತಾಡುತ್ತ ನಡೆಯುವವರು ಒಬ್ಬರ ಮುಖ ಒಬ್ಬರು ನೋಡಬೇಕು. ಅದಕ್ಕೆ ಓಡಾಡುವ ದಾರಿ ಅಗಲ ಇರಬೇಕು. ಮೂಲೆಯಲ್ಲಿ ಎದುರು ಬರುವವರು ಕಾಣಬೇಕು. ಎಲ್ಲರೂ ಅರ್ಧಚಂದ್ರದ ಹಾಗೆ ಕೂರಬೇಕು. ಆಗ ಎಲ್ಲರ ಕೈಯೂ ಎಲ್ಲರಿಗೂ ಕಾಣುತ್ತದೆ. ನಮ್ಮ ಶಾಲೆ, ಅಂಗನವಾಡಿಯಲ್ಲೂ ಮಕ್ಕಳನ್ನು ಹೀಗೆ ಕೂರಿಸಬಹುದು.

ಎಲ್ಲರ ಕಟ್ಟಡ

ಬಂಗಾರಪೇಟೆ ಸ್ಟೇಷನ್‌ನಂಥ ಕಡೆ ರೈಲಿನ ಸುದ್ದಿಯನ್ನು ಮೈಕಿನಲ್ಲಿ ಕೂಗುತ್ತಾರೆ. ಪ್ಲಾಟ್‌ಫಾರಂ ಬದಲಾದರೆ ಕಿವಿ ಕೇಳದವರಿಗೆ ತಿಳಿಯುವುದು ಹೇಗೆ? ಕೂಗುವುದರ ಜೊತೆ ಬೋರ್ಡಿನಲ್ಲಿ ಬರೆದೂ ತೋರಿಸಬೇಕು. ಆಸ್ಪತ್ರೆಯಲ್ಲಿ ಹೆಸರು ಕೂಗಿದರೆ ಸಾಲದು. ಚೀಟಿಯ ನಂಬರು ಕಣ್ಣಿಗೆ ಕಾಣಬೇಕು. ಬೆಂಕಿ ಬಿದ್ದರೆ ಗಂಟೆಯ ಜೊತೆ ದೀಪವೂ ಮಿನುಗಬೇಕು.

ಇದು ದಯೆಯಲ್ಲ, ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಸಾರ್ವಜನಿಕ ಕಟ್ಟಡಗಳು ಎಲ್ಲ ಅಂಗವಿಕಲರಿಗೂ ಅನುಕೂಲವಾಗಿರಬೇಕು ಎಂದು ಅದು ಹೇಳುತ್ತದೆ. ಸಂಘದ ಹೆಂಗಸರು ಸೇರಿ ನಗರಸಭೆಯಲ್ಲಿ, ಪಂಚಾಯಿತಿಯಲ್ಲಿ ಕೇಳಬಹುದು.

ಮಗು ಸದ್ದಿಗೆ ತಿರುಗಿ ನೋಡದಿದ್ದರೆ ತಡ ಮಾಡಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಕಿವಿಯ ಪರೀಕ್ಷೆ ಮಾಡುತ್ತಾರೆ.

ಅಕ್ಕಾ, ನೀವೀಗ ಓದು ಬರಹ ಕಲಿತಿದ್ದೀರಿ. ಅಕ್ಷರ ಕಣ್ಣಿಗೆ ಕೇಳುವ ಮಾತು. ಬಾಗಿಲ ಪಕ್ಕ ಒಂದು ಸ್ಲೇಟು ನೇತುಹಾಕಿ. ‘ಅಂಗಡಿಗೆ ಹೋಗಿದ್ದೇನೆ, ಬೇಗ ಬರುತ್ತೇನೆ’ ಎಂದು ಬರೆಯಿರಿ. ಮನೆಯಲ್ಲಿ ಕಿವಿ ಕೇಳದವರಿಗೆ ಓದಲು ಬಾರದಿದ್ದರೆ ಅವರಿಗೂ ಕಲಿಸಿ.

ಉತ್ತರ ಹೇಳಿ
1. ಕಿಟಕಿಗೆ ಬೆನ್ನು ಹಾಕಿ ಏಕೆ ಮಾತಾಡಬಾರದು?
2. ಬೆಲ್ಲಿಗೆ ಬಲ್ಬು ಸೇರಿಸಿದರೆ ಏನು ಅನುಕೂಲ?
3. ಅರ್ಧಚಂದ್ರದ ಹಾಗೆ ಕೂತರೆ ಏನು ಲಾಭ?

ಮಾತಾಡಿಕೊಳ್ಳಿ
ನಿಮ್ಮ ಬೀದಿಯಲ್ಲಿ ಕಿವಿ ಕೇಳದವರು ಯಾರಿದ್ದಾರೆ? ಅವರ ಮನೆಯಲ್ಲಿ ಏನು ಬದಲಾಗಬೇಕು? ಮೊದಲು ಅವರನ್ನೇ ಕೇಳಿ.