ಸಾಮಾಯಿಕದಲ್ಲಿ ಮರೆವೆಂಬ ಅತಿಚಾರ

ಸಾಮಾಯಿಕಕ್ಕೆ ಕುಳಿತ ಶ್ರಾವಿಕೆಯೊಬ್ಬರು ಜಪಮಾಲೆಯನ್ನು ನಡುವೆ ನಿಲ್ಲಿಸಿ, ಇದು ಎಷ್ಟನೆಯ ಸುತ್ತೆಂದು ತಮ್ಮನ್ನೇ ಕೇಳಿಕೊಳ್ಳುವುದುಂಟು. ಚತುರ್ದಶಿಯ ಪ್ರೋಷಧೋಪವಾಸವನ್ನು ಕೈಕೊಂಡವರು, ಮಧ್ಯಾಹ್ನದ ಸಾಮಾಯಿಕ ಮಾಡಿದೆನೋ ಇಲ್ಲವೋ ಎಂದು ಸಂಜೆ ಯೋಚಿಸುವುದೂ ಉಂಟು. ಇದನ್ನು ವಯಸ್ಸಿನ ಮೇಲೆ ಹೊರಿಸಿ ನಾವು ಸುಮ್ಮನಾಗುತ್ತೇವೆ. ಆಚಾರ್ಯರು ಹಾಗೆ ಬಿಡಲಿಲ್ಲ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಸಾಮಾಯಿಕದ 5 ಅತಿಚಾರಗಳ ಪೈಕಿ ಕೊನೆಯದು ಸ್ಮೃತ್ಯನುಪಸ್ಥಾನ. ಪ್ರೋಷಧೋಪವಾಸದ ಅತಿಚಾರಗಳಲ್ಲಿಯೂ ಕೊನೆಯದು ಅದೇ. ದಿಗ್ವ್ರತದಲ್ಲಿ ತಾನೇ ಹಾಕಿಕೊಂಡ ಎಲ್ಲೆಯನ್ನು ಮರೆಯುವುದೂ ಅತಿಚಾರವೆನಿಸಿದೆ.

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸ್ಮೃತ್ಯನುಪಸ್ಥಾನವನ್ನು ಏಕಾಗ್ರತೆಯ ಅಭಾವವೆಂದೇ ಅರ್ಥೈಸಿರುವುದು ಮನನೀಯವಾಗಿದೆ. ಮತಿಜ್ಞಾನವು ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ಕ್ರಮದಲ್ಲಿ ನಡೆಯುತ್ತದೆ. ವಸ್ತುವನ್ನು ಮೊದಲು ಸರಿಯಾಗಿ ಗ್ರಹಿಸದಿದ್ದರೆ ಧಾರಣೆಗೆ ಏನು ದೊರೆತೀತು? ಬಾಯಿಯಲ್ಲಿ ಪಾಠ, ಕಿವಿಯಲ್ಲಿ ಬೀದಿಯ ಸದ್ದು ಇರುವ ಹುಡುಗನು ಪಾಠವನ್ನು ಮರೆತನೆನ್ನುವುದು ಅಷ್ಟು ಸರಿಯಲ್ಲ. ಅದು ಅವನೊಳಗೆ ಸೇರಿಯೇ ಇರಲಿಲ್ಲ. ಗಮನವಿಲ್ಲದ್ದು ನೆನಪಿನಲ್ಲಿ ನಿಲ್ಲದೆಂದು ಇಂದಿನ ಮನಃಶಾಸ್ತ್ರಜ್ಞರೂ ಹೇಳುತ್ತಾರೆ.

ಇದಕ್ಕೆ ನಮ್ಮಲ್ಲಿರುವ ಅಭ್ಯಾಸವೇ ಕಾಯೋತ್ಸರ್ಗ. ಆತಗೂರು ಸೇರಿರುವ ಮದ್ದೂರು ತಾಲ್ಲೂಕಿನಲ್ಲಿಯೇ, ಆರೆತಿಪ್ಪೂರಿನಲ್ಲಿ, ಬಾಹುಬಲಿಯ ಪ್ರಾಚೀನ ಮೂರ್ತಿಯು ಈ ಭಂಗಿಯಲ್ಲಿ ನಿಂತಿದೆ. ಪಾದಗಳ ನಡುವೆ 4 ಅಂಗುಲ ಅಂತರವಿಟ್ಟು, ತೋಳುಗಳನ್ನು ಇಳಿಬಿಟ್ಟು ನಿಲ್ಲಬೇಕು. ನಿಲ್ಲಲಾಗದವರು ಕುಳಿತೇ ಮಾಡಬಹುದು. ಮೂಲಾಚಾರವು ಇದರ ಕಾಲವನ್ನು ಉಸಿರಿನಿಂದ ಅಳೆಯುತ್ತದೆ: ದೈವಸಿಕ ಪ್ರತಿಕ್ರಮಣಕ್ಕೆ 108 ಉಚ್ಛ್ವಾಸ, ರಾತ್ರಿಕಕ್ಕೆ 54. ಒಂದು ಣಮೋಕಾರಕ್ಕೆ 3 ಉಸಿರು. ಉಸಿರನ್ನು ಒಳಗೆಳೆಯುವಾಗ ಅರಹಂತರ ಪದ, ಬಿಡುವಾಗ ಸಿದ್ಧರ ಪದ. ಎರಡನೆಯ ಉಸಿರಿಗೆ ಆಚಾರ್ಯ, ಉಪಾಧ್ಯಾಯರ ಪದಗಳು. ಮೂರನೆಯದಕ್ಕೆ ಸಾಧುಗಳ ಪದವನ್ನು ಎರಡಾಗಿ ವಿಂಗಡಿಸಿಕೊಳ್ಳಬೇಕು. ಹೀಗೆ 9 ಮಂತ್ರಕ್ಕೆ 27 ಉಸಿರು. ಹೊಸಬರಿಗೆ ಇಷ್ಟೇ ಸಾಕು. ಅವಸರದಿಂದ 108 ಮುಗಿಸುವುದಕ್ಕಿಂತ ಇದು ಲೇಸು.

ಮನಸ್ಸು ಜಾರಿದ್ದು ತಿಳಿದೊಡನೆ ಆ ಮಂತ್ರವನ್ನು ಮೊದಲಿನಿಂದ ಆರಂಭಿಸಿದರಾಯಿತು. ಉಪವಾಸದ ದಿನ ಅದು ಹೆಚ್ಚಾಗಿ ಓಡುವುದು ಮರುದಿನದ ಪಾರಣೆಯ ಅಡುಗೆಯ ಕಡೆಗೇ! ಎದೆಗುಂದಬಾರದು, ಉತ್ತಮ ಸಂಹನನವುಳ್ಳವರಿಗೂ ಧ್ಯಾನವು ಅಂತರ್ಮುಹೂರ್ತ, ಎಂದರೆ 48 ನಿಮಿಷಗಳ ಒಳಗೇ ನಿಲ್ಲುವುದೆಂದು ಸೂತ್ರಕಾರರು ಹೇಳಿದ್ದಾರೆ.

ಪರೀಕ್ಷೆಯ ಅಂಕಗಳಿಗಾಗಿ ಮಕ್ಕಳನ್ನು ಸಾಮಾಯಿಕಕ್ಕೆ ಕೂರಿಸುವ ತಂದೆತಾಯಿಗಳಿದ್ದಾರೆ. ಫಲವನ್ನು ಬಯಸಿ ಚಿಂತಿಸುವುದು ನಿದಾನ. ಅದು ಆರ್ತಧ್ಯಾನದ ಒಂದು ಭೇದ. ಏಕಾಗ್ರತೆ ಬೆಳೆದರೆ ಓದಿಗೂ ಒದಗೀತು, ಆದರೆ ಅದನ್ನೇ ಸಂಕಲ್ಪ ಮಾಡಿಕೊಳ್ಳುವುದು ಉಚಿತವಲ್ಲ.

ಇನ್ನು, ಮನೆಯ ದಾರಿಯನ್ನೂ ಮಕ್ಕಳ ಹೆಸರನ್ನೂ ಮರೆಯತೊಡಗಿದ ಹಿರಿಯರ ವಿಷಯ ಬೇರೆ. ಅವರನ್ನು ವೈದ್ಯರಿಗೆ ತೋರಿಸಬೇಕು. ಆ ಮರೆವನ್ನು ಅತಿಚಾರವೆಂದು ಗದರಿಸಬಾರದು, ಉಪವಾಸಕ್ಕೂ ಒತ್ತಾಯಿಸಬಾರದು. ಮನೆಯವರೊಬ್ಬರು ಪಕ್ಕದಲ್ಲಿ ಕುಳಿತು, ಅವರ ಉಸಿರಿಗೆ ತಕ್ಕಂತೆ ಮಂತ್ರವನ್ನು ಮೆಲ್ಲನೆ ಹೇಳಿಕೊಡಲಿ.