ಮಳೆಗಾಲದ ಕುಟ್ಟನಾಡು: ಹೌಸ್‌ಬೋಟ್ ಏರುವ ಮುನ್ನ

ಆಲಪ್ಪುಳದ ಹೌಸ್‌ಬೋಟ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಕ್ರಿಸ್ಮಸ್ ರಜೆ. ಆಗ ಬಿಸಿಲು ಹಿತವಾಗಿರುತ್ತದೆ, ಬಾಡಿಗೆ ದುಬಾರಿಯಾಗಿರುತ್ತದೆ, ಕಾಲುವೆಯಲ್ಲಿ ಒಂದರ ಹಿಂದೊಂದು ದೋಣಿ ಸಾಲುಗಟ್ಟಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಲಪ್ಪುಳದ ಇದೇ ಹಿನ್ನೀರಿನ ಪ್ರದೇಶವಾದ ಕುಟ್ಟನಾಡು ಬೇರೆಯೇ ಲೋಕ. ದೋಣಿಗಳು ಕಡಿಮೆ, ಬಾಡಿಗೆ ಇಳಿದಿರುತ್ತದೆ, ತೆಂಗಿನ ಸಾಲಿನ ಆಚೆಗಿನ ಹೆಚ್ಚಿನ ಗದ್ದೆಗಳು ನೀರು ತುಂಬಿ ಕೆರೆಯಾಗಿರುತ್ತವೆ.

ವೇಂಬನಾಡು ಸರೋವರ ಮತ್ತು ಅದರ ಸುತ್ತಲಿನ ಜೌಗುಭೂಮಿಗೆ 2002ರಲ್ಲಿ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಭತ್ತ ಬೆಳೆಯುವ ಇಲ್ಲಿನ ಕೃಷಿ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿತು. ಬೇಸಿಗೆಯಲ್ಲಿ ಕಡಲಿನ ಉಪ್ಪುನೀರು ಒಳಗೆ ಬರದಂತೆ ತಣ್ಣೀರ್‌ಮುಕ್ಕಂ ಒಡ್ಡಿನ ಬಾಗಿಲು ಮುಚ್ಚುತ್ತಾರೆ. ಮಳೆಗಾಲದಲ್ಲಿ ಬಾಗಿಲು ತೆರೆದಿದ್ದರೂ ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚ್ಚಿಲ್ ನದಿಗಳು ಹೊತ್ತು ತರುವ ಸಿಹಿನೀರೇ ಉಪ್ಪನ್ನು ಹೊರದೂಡುತ್ತದೆ. ಕುಟ್ಟನಾಡನ್ನು ಅದರ ನಿಜರೂಪದಲ್ಲಿ ನೋಡಬೇಕಿದ್ದರೆ ಇದೇ ಕಾಲ. ಆದರೆ ಈ ಕಾಲದಲ್ಲಿ ದೋಣಿ ಹೊರಡುವುದನ್ನೂ ನಿಲ್ಲುವುದನ್ನೂ ನೀರೇ ತೀರ್ಮಾನಿಸುತ್ತದೆ. ಅದಕ್ಕೆ ಜಾಗ ಬಿಟ್ಟು ಯೋಜನೆ ಹಾಕಿಕೊಂಡವರಿಗೆ ಮಾತ್ರ ಈ ಪ್ರವಾಸ ಸುಖ ಕೊಡುತ್ತದೆ.

ಹೆಜ್ಜೆ 1: ತಿಂಗಳು ಆರಿಸಿ

ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಜೂನ್, ಜುಲೈ ಅತಿ ಹೆಚ್ಚು ಮಳೆಯ ತಿಂಗಳುಗಳು. ಮೊದಲ ಸಲ ಹೋಗುವವರಿಗೆ, ಮಕ್ಕಳು ಮತ್ತು ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಹೆಚ್ಚು ಸೂಕ್ತ. ಆಗ ಮಳೆಯ ನಡುವೆ ಹೊಳವು ಸಿಗುತ್ತದೆ. ಹಾಗೆಂದು ಆಗಸ್ಟ್‌ನಲ್ಲಿ ಅಪಾಯವೇ ಇಲ್ಲ ಎನ್ನುವಂತಿಲ್ಲ. 2018ರ ಮಹಾಪ್ರವಾಹದಲ್ಲಿ ಕುಟ್ಟನಾಡು ಮುಳುಗಿದ್ದು ಅದೇ ತಿಂಗಳಲ್ಲಿ. ಅಕ್ಟೋಬರ್–ನವೆಂಬರ್‌ನ ಹಿಂಗಾರಿನಲ್ಲಿ ಬೆಳಗ್ಗೆ ಆಕಾಶ ತಿಳಿಯಾಗಿದ್ದರೂ ಮಧ್ಯಾಹ್ನದ ನಂತರ ಗುಡುಗು ಸಿಡಿಲು ಹೆಚ್ಚು.

ದೋಣಿ ಸ್ಪರ್ಧೆ ನೋಡುವ ಆಸೆಯಿದ್ದರೆ ಎರಡು ಅವಕಾಶಗಳಿವೆ. ಮಿಥುನ ಮಾಸದ ಮೂಲಾ ನಕ್ಷತ್ರದ ದಿನ, ಅಂದರೆ ಜೂನ್–ಜುಲೈನಲ್ಲಿ, ಚಂಬಕ್ಕುಳಂನಲ್ಲಿ ಸ್ಪರ್ಧೆ ನಡೆಯುತ್ತದೆ. ಪುನ್ನಮಡ ಸರೋವರದ ನೆಹರೂ ಟ್ರೋಫಿ ಬಹುಕಾಲ ಆಗಸ್ಟ್‌ನ ಎರಡನೇ ಶನಿವಾರ ನಡೆಯುತ್ತಿತ್ತು. ಈಚಿನ ವರ್ಷಗಳಲ್ಲಿ ದಿನ ಬದಲಾಗಿದೆ. ಹಾಗಾಗಿ ದಿನಾಂಕ ಖಚಿತಪಡಿಸಿಕೊಂಡೇ ಟಿಕೆಟ್ ಮಾಡಿ. ಸ್ಪರ್ಧೆಯ ಆಸುಪಾಸಿನ ದಿನಗಳಲ್ಲಿ ಬಾಡಿಗೆ ಏರುತ್ತದೆ, ಪುನ್ನಮಡದಲ್ಲಿ ದೋಣಿ ಸಂಚಾರಕ್ಕೂ ನಿರ್ಬಂಧ ಇರುತ್ತದೆ. ಶಾಂತಿ ಬೇಕೆನ್ನುವವರು ಆ ವಾರ ಬಿಟ್ಟು, ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳಿ.

ಹೆಜ್ಜೆ 2: ಎಲ್ಲಿ ಹತ್ತಬೇಕು, ಯಾವ ದಾರಿ

ಆಲಪ್ಪುಳದ ಪುನ್ನಮಡ ಫಿನಿಷಿಂಗ್ ಪಾಯಿಂಟ್‌ನಿಂದ ಹೊರಟರೆ ಕೈನಕರಿ, ನೆಡುಮುಡಿ, ಚಂಬಕ್ಕುಳಂ ಕಡೆಯ ಹೊಳೆ ಕಾಲುವೆಗಳು ಸಿಗುತ್ತವೆ. ಕುಮರಕಂನಿಂದ ಹೊರಟರೆ ನೇರ ವೇಂಬನಾಡಿನ ವಿಶಾಲ ನೀರು. ಮಳೆಗಾಲಕ್ಕೆ ಮೊದಲನೆಯದೇ ವಾಸಿ. ತೆರೆದ ಸರೋವರದಲ್ಲಿ ಗಾಳಿ ಎದ್ದರೆ ಅಲೆ ಬೇಗ ಏಳುತ್ತದೆ. ಕಾಲುವೆಯಲ್ಲಿ ದಡ ಹತ್ತಿರವಿರುತ್ತದೆ, ಊರಿನ ಬದುಕೂ ಕಣ್ಣಿಗೆ ಬೀಳುತ್ತದೆ.

ಈ ಕಾಲದಲ್ಲಿ ಹಸಿರು ಭತ್ತದ ಬಯಲನ್ನು ಎಲ್ಲ ಕಡೆ ನಿರೀಕ್ಷಿಸಬೇಡಿ. ಇಲ್ಲಿನ ಮುಖ್ಯ ಬೆಳೆಯಾದ ಪುಂಜ ಅಕ್ಟೋಬರ್–ನವೆಂಬರ್‌ನಲ್ಲಿ ಬಿತ್ತನೆಯಾಗಿ ಮಾರ್ಚ್–ಏಪ್ರಿಲ್ ಹೊತ್ತಿಗೆ ಕೊಯ್ಲಾಗುತ್ತದೆ. ಮಳೆಗಾಲದಲ್ಲಿ ಕೆಲವು ಪಾಡಶೇಖರಗಳಲ್ಲಿ (ಗದ್ದೆ ಸಮೂಹಗಳಲ್ಲಿ) ಮಾತ್ರ ಎರಡನೇ ಬೆಳೆ ಇರುತ್ತದೆ. ಉಳಿದವಕ್ಕೆ ನೀರು ಬಿಟ್ಟಿರುತ್ತಾರೆ. ಎರಡು ನೀರಿನ ನಡುವೆ ಕಿರಿದಾದ ಏರಿ, ಏರಿಯ ಮೇಲೆ ಮನೆ, ಅಂಗಡಿ, ಶಾಲೆ: ಈ ನೋಟ ಬೇರೆ ಕಾಲದಲ್ಲಿ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.

ಹಕ್ಕಿ ನೋಡುವವರಿಗೂ ಒಂದು ಮಾತು. ವಲಸೆ ಬಾತುಗಳು ಬರುವುದು ಚಳಿಗಾಲಕ್ಕೆ. ಆದರೆ ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ, ಇರುಳುಬಕಗಳು ಕುಮರಕಂ ಪಕ್ಷಿಧಾಮದಲ್ಲಿ ಗೂಡು ಕಟ್ಟಿ ಮರಿ ಮಾಡುವುದು ಮಳೆಗಾಲದಲ್ಲೇ. ಅದಕ್ಕೆ ಒಂದು ಮುಂಜಾವು ಬೇರೆಯಾಗಿ ಇಟ್ಟುಕೊಳ್ಳಿ.

ಹೆಜ್ಜೆ 3: ದೋಣಿಯನ್ನು ಪ್ರಶ್ನೆ ಕೇಳಿ ಆರಿಸಿ

ಹೌಸ್‌ಬೋಟ್‌ಗಳ ಮೂಲ ಕೆಟ್ಟುವಳ್ಳಂ, ಒಂದು ಕಾಲದಲ್ಲಿ ಭತ್ತ ಸಾಗಿಸುತ್ತಿದ್ದ ದೋಣಿ. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಕಟ್ಟುತ್ತಿದ್ದರು. ಮೇಲೆ ಬಿದಿರು, ಚಾಪೆಯ ಮಾಡು. ಫೋಟೊದಲ್ಲಿ ಎಲ್ಲ ದೋಣಿಯೂ ಚೆಂದವೇ. ಮಳೆಗಾಲದಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ:

• ಮಾಡು ಸೋರುತ್ತದೆಯೇ? ಈ ವರ್ಷ ಮಳೆಗೆ ಮುನ್ನ ರಿಪೇರಿ ಆಗಿದೆಯೇ?
• ಮುಂದಿನ ಕೂರುವ ಜಾಗಕ್ಕೆ ಮಳೆ ಎರಚದಂತೆ ಇಳಿಬಿಡುವ ಪರದೆ ಇದೆಯೇ?
• ನೋಂದಣಿ, ಸರ್ವೆ ಪ್ರಮಾಣಪತ್ರ, ವಿಮೆ ಚಾಲ್ತಿಯಲ್ಲಿವೆಯೇ? ಎಷ್ಟು ಜನಕ್ಕೆ ಅನುಮತಿ ಇದೆ?
• ಚುಕ್ಕಾಣಿ ಹಿಡಿಯುವ ಸ್ರಾಂಕ್‌ಗೆ ಪರವಾನಗಿ ಇದೆಯೇ?
• ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ?
• ಏಸಿ ದಿನವಿಡೀ ಇರುತ್ತದೆಯೇ, ರಾತ್ರಿ ಮಾತ್ರವೇ?
• ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ? ಬಯೊ ಟ್ಯಾಂಕ್ ಇದೆಯೇ?

ಕೇರಳ ಪ್ರವಾಸೋದ್ಯಮ ಇಲಾಖೆ ಹೌಸ್‌ಬೋಟ್‌ಗಳಿಗೆ ಡೈಮಂಡ್, ಗೋಲ್ಡ್, ಸಿಲ್ವರ್ ದರ್ಜೆ ಕೊಡುತ್ತದೆ. ನಿಮ್ಮ ದೋಣಿಯದು ಯಾವುದೆಂದು ಕೇಳಿ. ಹತ್ತುವವರ ಸಂಖ್ಯೆಯ ಪ್ರಶ್ನೆಯಲ್ಲಿ ಮಾತ್ರ ಯಾವ ರಾಜಿಯೂ ಬೇಡ. 2002ರ ಜುಲೈ 27ರಂದು ಮುಹಮ್ಮ ಎಂಬ ಊರಿನಿಂದ ಕುಮರಕಂಗೆ ಹೊರಟ ಪ್ರಯಾಣಿಕರ ದೋಣಿ ಇದೇ ವೇಂಬನಾಡಿನಲ್ಲಿ ಮುಳುಗಿ 29 ಮಂದಿ ಸತ್ತರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜೀವ ಹೋಯಿತು. ಎರಡರಲ್ಲೂ ದೋಣಿ ಹೊರಬಾರದಷ್ಟು ಜನರನ್ನು ಹತ್ತಿಸಿಕೊಂಡಿತ್ತು. ‘ಇನ್ನಿಬ್ಬರು ಅಡ್ಜಸ್ಟ್ ಮಾಡಿಕೊಳ್ಳಿ’ ಎಂದು ಯಾರಾದರೂ ಹೇಳಿದರೆ ಆ ದೋಣಿ ಹತ್ತಬೇಡಿ. ನಿಮ್ಮ ಬಳಗವೇ ದೊಡ್ಡದಿದ್ದರೆ ಎರಡು ದೋಣಿ ಮಾಡಿ.

ಹೆಜ್ಜೆ 4: ಬುಕಿಂಗ್‌ನ ಷರತ್ತು ಬರಹದಲ್ಲಿರಲಿ

ಒಂದು ರಾತ್ರಿಯ ಪ್ಯಾಕೇಜ್ ಎಂದರೆ ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ ಹತ್ತಿ ಮರುದಿನ ಬೆಳಗ್ಗೆ 9ಕ್ಕೆ ಇಳಿಯುವುದು. ಅಷ್ಟೂ ಹೊತ್ತು ದೋಣಿ ಚಲಿಸುವುದಿಲ್ಲ. ಮೀನುಗಾರರು ಬಲೆ ಬಿಡುವ ಹೊತ್ತಾದ್ದರಿಂದ ಸಂಜೆ ಐದೂವರೆಯ ಸುಮಾರಿಗೆ ದಡಕ್ಕೆ ಕಟ್ಟುತ್ತಾರೆ. ಊಟದ ವಿರಾಮ ಕಳೆದರೆ ಮೊದಲ ದಿನದ ಸಂಚಾರ ನಾಲ್ಕೈದು ಗಂಟೆ ಮಾತ್ರ.

ದರ ಹೋಲಿಸುವಾಗ ತೆರಿಗೆ, ಏಸಿ ಅವಧಿ, ಊಟ ತಿಂಡಿ, ಸಂಚಾರದ ಗಂಟೆ ಎಲ್ಲ ಸೇರಿಸಿ ಕೇಳಿ. ಅದಕ್ಕಿಂತ ಮುಖ್ಯ, ಮಳೆಯ ಷರತ್ತು. ಎಚ್ಚರಿಕೆ ಹೊರಬಿದ್ದಾಗ ಜಿಲ್ಲಾಡಳಿತ ಹೌಸ್‌ಬೋಟ್ ಸಂಚಾರವನ್ನೇ ನಿಲ್ಲಿಸುವುದುಂಟು. ಆಗ ಹಣ ವಾಪಸ್ಸೇ, ದಿನ ಬದಲಾವಣೆಯೇ, ಅಥವಾ ಕಟ್ಟಿ ನಿಲ್ಲಿಸಿದ ದೋಣಿಯಲ್ಲೇ ಕಡಿಮೆ ದರಕ್ಕೆ ವಾಸ್ತವ್ಯವೇ? ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಪೂರ್ತಿ ಹಣ ಮುಂಗಡ ಕೊಡಬೇಡಿ. ಮಳೆಗಾಲದಲ್ಲಿ ದೋಣಿ ಸಿಗುವುದು ಕಷ್ಟವಲ್ಲ. ಊರು ತಲುಪಿ, ದೋಣಿಯನ್ನು ಕಣ್ಣಾರೆ ನೋಡಿ ಮಾತಾಡುವ ದಾರಿಯೂ ಇದೆ.

ಹೆಜ್ಜೆ 5: ಕರ್ನಾಟಕದಿಂದ ತಲುಪುವುದು

ಮಳೆಗಾಲದಲ್ಲಿ ರಾತ್ರಿ ಘಾಟಿ ಇಳಿಯುವುದಕ್ಕಿಂತ ರೈಲು ಲೇಸು. ಮಂಗಳೂರು ಸೆಂಟ್ರಲ್‌ನಿಂದ ಸಂಜೆ ಹೊರಡುವ ಮಾವೇಲಿ ಎಕ್ಸ್‌ಪ್ರೆಸ್ ಆಲಪ್ಪುಳದ ಮೂಲಕವೇ ಹೋಗುತ್ತದೆ. ಕಾರವಾರ, ಉಡುಪಿ ಕಡೆಯವರಿಗೆ ನೇತ್ರಾವತಿ ಎಕ್ಸ್‌ಪ್ರೆಸ್ ಇದೆ. ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಬೇರೆ ಎಂಬುದು ನೆನಪಿರಲಿ. ಬೆಂಗಳೂರಿನವರು ಎರ್ನಾಕುಲಂನಲ್ಲಿ ಇಳಿದು ಆಲಪ್ಪುಳಕ್ಕೆ, ಇಲ್ಲವೇ ಕನ್ಯಾಕುಮಾರಿ ಎಕ್ಸ್‌ಪ್ರೆಸ್‌ನಲ್ಲಿ ಕೋಟ್ಟಯಂವರೆಗೆ ಹೋಗಿ ಅಲ್ಲಿಂದ ಸುಮಾರು 15 ಕಿ.ಮೀ. ದೂರದ ಕುಮರಕಂಗೆ ತಲುಪಬಹುದು. ಮೈಸೂರಿನಿಂದ ಕಾರಿನಲ್ಲೇ ಹೊರಡುವವರು ಬಂಡೀಪುರದ ರಾತ್ರಿ ಸಂಚಾರ ನಿಷೇಧವನ್ನು, ಅಂದರೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗಿನ ಅವಧಿಯನ್ನು, ಲೆಕ್ಕಕ್ಕೆ ಇಟ್ಟುಕೊಳ್ಳಿ.

ದೋಣಿ ಹತ್ತುವ ದಿನ ಬೆಳಗ್ಗೆಯೇ ಊರು ತಲುಪುವ ಧಾವಂತ ಬೇಡ. ಹಿಂದಿನ ದಿನ ತಲುಪಿ, ವಾಪಸ್ ಟಿಕೆಟನ್ನು ಒಂದು ದಿನ ತಡವಾಗಿ ಮಾಡಿಸಿ. ಈ ಎರಡು ಹೆಚ್ಚುವರಿ ದಿನಗಳೇ ಮಳೆಗಾಲದ ಪ್ರವಾಸವನ್ನು ಕಾಪಾಡುವುದು.

ಹೆಜ್ಜೆ 6: ಮೂರು ದಿನ ಮೊದಲಿನಿಂದ ಮೂಡಣದ ಮಳೆ ನೋಡಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಆಲಪ್ಪುಳದಲ್ಲಿ ಬಿಸಿಲಿದೆಯೆಂದು ನಿಶ್ಚಿಂತರಾಗುತ್ತಾರೆ. ಕುಟ್ಟನಾಡಿನಲ್ಲಿ ನೀರು ಏರುವುದು ಅಲ್ಲಿ ಬಿದ್ದ ಮಳೆಯಿಂದಷ್ಟೇ ಅಲ್ಲ. ಪತ್ತನಂತಿಟ್ಟ, ಕೋಟ್ಟಯಂ, ಇಡುಕ್ಕಿಯ ಬೆಟ್ಟಗಳಲ್ಲಿ ಸುರಿದ ಮಳೆ ನದಿಗಳಲ್ಲಿ ಇಳಿದು ಬಂದು ಇಲ್ಲಿ ತುಂಬುತ್ತದೆ. ಊರಿನವರು ಅದನ್ನು ಕಿಳಕ್ಕನ್ ವೆಳ್ಳಂ, ಮೂಡಣ ನೀರು, ಎನ್ನುತ್ತಾರೆ. ಬೋಗುಣಿಯಂತಿರುವ ಈ ನೆಲದಿಂದ ನೀರು ಕಡಲಿಗೆ ಹೊರಹೋಗಲು ತೋಟ್ಟಪ್ಪಳ್ಳಿ ಸ್ಪಿಲ್‌ವೇ, ತಣ್ಣೀರ್‌ಮುಕ್ಕಂನಂಥ ಕೆಲವೇ ದಾರಿಗಳಿವೆ. ಬೇಗ ತುಂಬುತ್ತದೆ, ನಿಧಾನ ಇಳಿಯುತ್ತದೆ.

ಹಾಗಾಗಿ ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ಈ ನಾಲ್ಕೂ ಜಿಲ್ಲೆಗಳಿಗೆ ನೋಡಿ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಮಳೆಯ ಸೂಚನೆಯಿದ್ದರೆ ಹಳದಿ, 115.6ರಿಂದ 204.4 ಆದರೆ ಕಿತ್ತಳೆ, ಅದನ್ನೂ ಮೀರಿದರೆ ಕೆಂಪು. ಹಳದಿಯಿದ್ದರೆ ದೋಣಿಯವರ ಮಾತು ಕೇಳಿ ಹೊರಡಬಹುದು. ಕಿತ್ತಳೆ ಅಥವಾ ಕೆಂಪು ಬಂದರೆ ಮುಂದೂಡಿ. ನೀರು ಏರಿದಾಗ ತಗ್ಗಿನ ಸೇತುವೆಗಳ ಕೆಳಗೆ ಎತ್ತರದ ಹೌಸ್‌ಬೋಟ್ ನುಸುಳಲಾಗದೆ ದಾರಿ ಬದಲಾಗಬಹುದು. ಹಿಂದಿನ ದಿನ ಸ್ರಾಂಕ್‌ಗೇ ಫೋನ್ ಮಾಡಿ ನೀರಿನ ಮಟ್ಟ ಕೇಳಿ. ಏಜೆಂಟರ ಮಾತಿಗಿಂತ ಅವರ ಮಾತಿಗೆ ತೂಕ ಹೆಚ್ಚು.

ಹೆಜ್ಜೆ 7: ಚೀಲದಲ್ಲಿ ಏನಿರಬೇಕು

ಬೇಗ ಒಣಗುವ ಬಟ್ಟೆ, ಕೊಡೆಗಿಂತ ರೇನ್‌ಕೋಟ್, ಜಾರದ ಚಪ್ಪಲಿ, ಟಾರ್ಚ್, ಪವರ್ ಬ್ಯಾಂಕ್, ಫೋನ್ ಮತ್ತು ಔಷಧಿಗೆ ನೀರು ಹೋಗದ ಚೀಲ, ಸೊಳ್ಳೆ ಮುಲಾಮು, ನಗದು ಹಣ.

ಆರೋಗ್ಯದ ವಿಷಯದಲ್ಲಿ ಎಚ್ಚರ ಬೇಕು. ಮಳೆಗಾಲದಲ್ಲಿ ಕೇರಳದಲ್ಲಿ ಇಲಿ ಜ್ವರ ಹೆಚ್ಚುತ್ತದೆ. ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಯಬೇಡಿ, ಕಾಲುವೆಯಲ್ಲಿ ಈಜಬೇಡಿ. ಮನೆಗೆ ಮರಳಿದ ಮೇಲೆ ಜ್ವರ, ಮೈಕೈ ನೋವು ಬಂದರೆ ನೀರಿನ ಪ್ರವಾಸ ಮಾಡಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಹೆಜ್ಜೆ 8: ದೋಣಿಯ ಮೇಲೆ

ಹತ್ತಿದ ಕೂಡಲೇ ಲೈಫ್ ಜಾಕೆಟ್ ಎಲ್ಲಿದೆ ಎಂದು ನೋಡಿ, ಮಕ್ಕಳಿಗೆ ತೊಡಿಸಿ. ಒದ್ದೆಯಾದ ಅಂಚಿನಲ್ಲಿ ನಿಂತು ಸೆಲ್ಫಿ ಬೇಡ. ಗುಡುಗಿದರೆ ಮೇಲಂತಸ್ತಿನಿಂದ ಇಳಿಯಿರಿ. ರಾತ್ರಿ ಕಟ್ಟಿದ ದೋಣಿಯಿಂದ ದಡಕ್ಕೆ ದಾಟುವಾಗ ಟಾರ್ಚ್ ಇರಲಿ. ಈ ಕಾಲದಲ್ಲಿ ಏರಿಯ ಮೇಲೆ ಹಾವುಗಳೂ ಆಸರೆ ಹುಡುಕಿ ಬಂದಿರುತ್ತವೆ.

ಊಟವನ್ನು ಮೊದಲೇ ಹೇಳಿಡಿ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಕೇರಳದ ಕಡಲಲ್ಲಿ ಟ್ರಾಲಿಂಗ್ ನಿಷೇಧ. ಆಗ ಹಿನ್ನೀರಿನ ಮೀನನ್ನೇ ಕೇಳಿ: ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಕರಿಮೀನ್ ಪೊಳ್ಳಿಚ್ಚದ್, ಕಪ್ಪ (ಮರಗೆಣಸು) ಜೊತೆಗೆ ಮೀನಿನ ಸಾರು. ಆ ಸಾರಿಗೆ ಹಾಕುವ ಕುಡಂಪುಳಿ ನಮ್ಮ ಮಲೆನಾಡಿನ ಉಪ್ಪಾಗೆಯೇ. ಸಸ್ಯಾಹಾರಿಗಳು ಪಾತ್ರೆ ಬೇರೆ ಬೇಕಿದ್ದರೆ ಬುಕಿಂಗ್‌ನಲ್ಲೇ ತಿಳಿಸಿ. ಕುದಿಸಿದ ನೀರನ್ನೇ ಕುಡಿಯಿರಿ. ತಿಳಿಗೆಂಪು ನೀರು ಕೊಟ್ಟರೆ ಗಾಬರಿ ಬೇಡ, ಅದು ಪತಿಮುಖ ಮರದ ಚಕ್ಕೆ ಹಾಕಿ ಕುದಿಸಿದ್ದು.

ನೀವು ಸಾಗುವ ಕಾಲುವೆ ಅಲ್ಲಿನವರ ಬೀದಿ. ಮಳೆಗಾಲದಲ್ಲಿ ಅವರ ಹೊಸಿಲ ತನಕ ನೀರು ಬಂದಿರುತ್ತದೆ. ದೋಣಿ ಜೋರಾಗಿ ಹೋದರೆ ಎದ್ದ ಅಲೆ ನೆನೆದ ಏರಿಯನ್ನು ಕೊರೆಯುತ್ತದೆ, ಮನೆಯೊಳಗೂ ನುಗ್ಗುತ್ತದೆ. ‘ನಿಧಾನ ಹೋಗೋಣ ಚೇಟ್ಟಾ’ ಎಂದು ನೀವೇ ಹೇಳಿ. ಜೋರಾಗಿ ಹಾಡು ಹಚ್ಚುವುದು, ಬಾಟಲಿ ಎಸೆಯುವುದು, ಬಟ್ಟೆ ಒಗೆಯುವವರ ಫೋಟೊ ತೆಗೆಯುವುದು ಬೇಡ. ಇಳಿಯುವಾಗ ಅಡುಗೆಯವರಿಗೂ ಸಹಾಯಕರಿಗೂ ಕೈಯಾರೆ ಭಕ್ಷೀಸು ಕೊಡಿ. ಮಳೆಗಾಲ ಅವರಿಗೆ ಆದಾಯ ಇಳಿಯುವ ಕಾಲ.

ಹೆಜ್ಜೆ 9: ದೋಣಿ ಹೊರಡದಿದ್ದರೆ

ಪ್ರವಾಸ ಕೆಟ್ಟಿತೆಂದು ಕೂರಬೇಡಿ. ಮಳೆ ತಗ್ಗಿ ಸಂಚಾರ ಮತ್ತೆ ಶುರುವಾದಾಗ ರಾಜ್ಯ ಜಲಸಾರಿಗೆ ಇಲಾಖೆಯ ಸಾಮಾನ್ಯ ದೋಣಿ ಹತ್ತಿ. ನಗರ ಜೆಟ್ಟಿಯಿಂದ ನೆಡುಮುಡಿ, ಕಾವಾಲಂ ಕಡೆಗೆ ಊರವರೊಂದಿಗೇ ಕಡಿಮೆ ಟಿಕೆಟ್‌ನಲ್ಲಿ ಹೋಗಿಬರಬಹುದು. ಕೋಟ್ಟಯಂಗೆ ಸುಮಾರು ಎರಡೂವರೆ ಗಂಟೆಯ ಹಾದಿ. ನೆಲದ ಮೇಲೆ ನೋಡಲು ಅಂಬಲಪ್ಪುಳದ ಕೃಷ್ಣ ದೇಗುಲ ಮತ್ತು ಅದರ ಹಾಲುಪಾಯಸ, ಹತ್ತಿರದ ಕರುಮಾಡಿಯ ಬುದ್ಧ ವಿಗ್ರಹ, ಕಲವೂರಿನ ನಾರಿನ ಮ್ಯೂಸಿಯಂ ಇವೆ.

ಹೊರಡುವ ಮುನ್ನ ಒಮ್ಮೆ ನೋಡಿ

• ನಾಲ್ಕು ಜಿಲ್ಲೆಗಳ ಮಳೆ ಎಚ್ಚರಿಕೆ: ಕಿತ್ತಳೆ, ಕೆಂಪು ಇಲ್ಲ
• ರದ್ದತಿ ಷರತ್ತು ಬರಹದಲ್ಲಿದೆ
• ದೋಣಿಯ ದಾಖಲೆ, ಪ್ರಯಾಣಿಕರ ಮಿತಿ ನೋಡಿಯಾಗಿದೆ
• ಪ್ರತಿಯೊಬ್ಬರಿಗೂ ಅಳತೆಯ ಲೈಫ್ ಜಾಕೆಟ್ ಇದೆ
• ಹಿಂದೊಂದು, ಮುಂದೊಂದು ಬಿಡುವಿನ ದಿನ ಇದೆ
• ತುರ್ತಿಗೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077 ಫೋನ್‌ನಲ್ಲಿದೆ

ಇವುಗಳಲ್ಲಿ ಮೊದಲನೆಯದು ಸರಿಯಿಲ್ಲದಿದ್ದರೆ ಉಳಿದ ಐದೂ ಸರಿಯಿದ್ದರೂ ಹೊರಡಬೇಡಿ. ಮುಂದಿನ ವಾರವೂ ಕುಟ್ಟನಾಡಿನಲ್ಲಿ ನೀರು ಇದ್ದೇ ಇರುತ್ತದೆ.